ಹುಳ ತಿನ್ನುವ ಸೊಪ್ಪು

ಕೊರೋನಾ ಗಲಾಟೆಯೆಲ್ಲ ಅಡಗಿ ಒಂದೆರಡು ವರ್ಷವಾಗಿತ್ತು. ನಾನು ಆಗ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿಯ ಪಶು ಆಸ್ಪತ್ರೆಯಲ್ಲಿ ಪಶುವೈದ್ಯಾಧಿಕಾರಿ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ಅಷ್ಟು ವರ್ಷ ಸೂಜಿ ಹಿಡಿದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ, ನನಗೂ ಅಂಟಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗಲೇ ಹಸುವಿಗೆ ಏನಾಗಿದೆ ಎಂದು ಹೇಳಿಬಿಡುವ ರೋಗ. ನೂರಕ್ಕೆ ತೊಂಬತ್ತು ಸಲ ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು, ಅದೇ ಅಪಾಯ.

ನಾನು ರೇಷ್ಮೆ ಮನೆಯಲ್ಲಿ ಹುಟ್ಟಿದವನು. ತೊಂಡೇಬಾವಿ ಹತ್ತಿರದ ಹಳ್ಳಿ ನಮ್ಮದು. ಮನೆಯ ಒಳಕೋಣೆಯೇ ಹುಳುಮನೆ. ಹುಳ ಇರುವಷ್ಟು ದಿನ ನಮ್ಮಜ್ಜಿ ಆ ಕೋಣೆಯ ಬಾಗಿಲಲ್ಲಿ ಪೊಲೀಸರಂತೆ ಕೂತಿರುತ್ತಿದ್ದಳು. ಬೀಡಿ ಸೇದಿದವನು ಒಳಗೆ ಹೋಗುವಂತಿಲ್ಲ, ತಲೆಗೆ ವಾಸನೆ ಎಣ್ಣೆ ಹಚ್ಚಿದವಳು ಹೋಗುವಂತಿಲ್ಲ. ನಮ್ಮಪ್ಪ ಒಮ್ಮೆ ತೊಗರಿಗೆ ಔಷಧಿ ಹೊಡೆದು ಬಂದು, ಕೈ ತೊಳೆದೇ ಸೊಪ್ಪು ಮುಟ್ಟಿದ. ಆದರೂ ಮಾರನೆಯ ದಿನಕ್ಕೆ ಎರಡು ತಟ್ಟೆ ಹುಳ ಹಸಿರು ಕಕ್ಕಿ ಸತ್ತುಹೋದವು. ಅಜ್ಜಿ ಮೂರು ದಿನ ಅವನ ಜೊತೆ ಮಾತಾಡಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಜನಕ್ಕೆ ಹಿಪ್ಪುನೇರಳೆ ಸೊಪ್ಪೆಂದರೆ ಕಣ್ಣು ಮುಚ್ಚಿಕೊಂಡು ನಂಬುವ ವಸ್ತು. ಟೊಮೆಟೊ ತೋಟಕ್ಕೆ, ದ್ರಾಕ್ಷಿ ತೋಟಕ್ಕೆ ಏನೇನು ಹೊಡೆಯುತ್ತಾರೋ ದೇವರೇ ಬಲ್ಲ; ಆ ತೋಟಗಳ ಬದುವಿನ ಹುಲ್ಲನ್ನು ಯಾರೂ ಹಸುವಿಗೆ ಹಾಕುವುದಿಲ್ಲ. ಹಿಪ್ಪುನೇರಳೆ ಹಾಗಲ್ಲ. ವಿಷದ ಗಾಳಿ ಸೋಕಿದರೂ ಸಾಯುವ ಹುಳ ತಿನ್ನುವ ಸೊಪ್ಪು ಅದು. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಹತ್ತಿದ ಮೇಲೆ ತೋಟದಲ್ಲಿ ಮಿಕ್ಕ ಸೊಪ್ಪು ಅಕ್ಕಪಕ್ಕದವರ ಹಸುಗಳದ್ದು. ಕೇಳುವ ಪದ್ಧತಿ ಇಲ್ಲ, ಕೊಡುವ ಪದ್ಧತಿಯೂ ಇಲ್ಲ. ಕುಡುಗೋಲು ತಗೊಂಡು ಹೋಗಿ ಕೊಯ್ದುಕೊಳ್ಳುತ್ತಾರೆ. ಬದಲಿಗೆ ಆ ತೋಟಕ್ಕೆ ಸಗಣಿ ಗೊಬ್ಬರ ಹೋಗುತ್ತದೆ. ನನ್ನಜ್ಜಿಯ ಕಾಲದಿಂದ ನಡೆದುಬಂದ ಲೆಕ್ಕವಿಲ್ಲದ ವ್ಯವಹಾರ ಅದು.

ನಾನು ಹೇಳಹೊರಟಿರುವ ಕೊಟ್ಟಿಗೆ ನಾರಾಯಣಸ್ವಾಮಿ ಮೇಷ್ಟ್ರದ್ದು. ಪ್ರೈಮರಿ ಶಾಲೆಯಿಂದ ನಿವೃತ್ತರಾದ ಮೇಲೆ ಹದಿನೆಂಟು ಹಸು ಕಟ್ಟಿದ್ದರು. ಹೆಚ್ಚಿನವು ಎಚ್ಎಫ್ ತಳಿಯವು, ಕಪ್ಪು ಬಿಳುಪಿನ ಹಾಲಿನ ಜಾತಿ. ಮೇಷ್ಟ್ರು ಶಿಸ್ತಿನ ಮನುಷ್ಯ. ಹಸುಗಳ ಹೆಸರು, ಇಂಜೆಕ್ಷನ್, ಗಬ್ಬ ಕಟ್ಟಿದ ದಿನ, ಎಲ್ಲ ಹಾಜರಿ ಪುಸ್ತಕದಂತೆ ಬರೆದಿಡುತ್ತಿದ್ದರು. ಆದರೆ ಕೊಟ್ಟಿಗೆ ನಡೆಯುತ್ತಿದ್ದದ್ದು ಆ ಪುಸ್ತಕದಿಂದಲ್ಲ, ನರಸಮ್ಮನಿಂದ.

ನರಸಮ್ಮನಿಗೆ ಆಗ ನಲವತ್ತೈದರ ಆಸುಪಾಸು. ಬೆಳಗಿನ ಜಾವ ನಾಲ್ಕೂವರೆಗೆ ಬಂದು ಸಗಣಿ ಬಾಚಿ, ನೆಲ ತೊಳೆದು, ಒಂದೊಂದು ಕೆಚ್ಚಲನ್ನೂ ಬೆಚ್ಚಗಿನ ನೀರಲ್ಲಿ ಒರೆಸುತ್ತಿದ್ದಳು. ಪ್ರತಿ ಮೊಲೆಯ ಮೊದಲ ಎರಡು ಧಾರೆ ಒಂದು ಕಪ್ಪು ತಟ್ಟೆಗೆ. ಹಾಲು ಒಡೆದಿದ್ದರೆ, ಅಂದರೆ ಕೆಚ್ಚಲು ಬಾವು ಶುರುವಾಗಿದ್ದರೆ, ಆ ಕಪ್ಪಿನ ಮೇಲೆ ಗೊತ್ತಾಗಿಬಿಡುತ್ತದೆ. ಹನ್ನೆರಡು ಹಸುಗಳಿಗೆ ಮೆಷಿನ್ ಹಾಕುತ್ತಿದ್ದಳು, ಮೆಷಿನ್ ಶಬ್ದಕ್ಕೆ ಹಾಲು ಇಳಿಸದ ಆರನ್ನು ಕೈಯಲ್ಲೇ ಕರೆಯುತ್ತಿದ್ದಳು. ಆಮೇಲೆ ಮೇವು ಕತ್ತರಿಸುವುದು, ಬೂಸ ಕಲಸುವುದು, ಕರುಗಳಿಗೆ ಬಾಟಲಿ ಹಾಲು, ಮೈ ತೊಳೆಯುವುದು. ಸಂಜೆ ಮತ್ತೆ ಅದೇ. ಈ ಕೆಲಸ ಯಾರಾದರೂ ಕಲಿಯಬಹುದು ಎನ್ನಿ. ಆದರೆ ಯಾವ ಹಸು ನಿನ್ನೆಗಿಂತ ಇವತ್ತು ನಿಧಾನವಾಗಿ ಮೆಲುಕು ಹಾಕುತ್ತಿದೆ, ಯಾವುದರ ಸಗಣಿ ಬೀಳುವ ಸದ್ದು ಬದಲಾಗಿದೆ ಎಂದು ಬೆನ್ನು ತಿರುಗಿಸಿಕೊಂಡೇ ಹೇಳುವವರನ್ನು ನಾನು ಇಡೀ ಸೇವೆಯಲ್ಲಿ ಮೂರ್ನಾಲ್ಕು ಜನರನ್ನು ಮಾತ್ರ ಕಂಡಿದ್ದೇನೆ. ಅವರಲ್ಲಿ ಇವಳು ಒಬ್ಬಳು.

ಆ ಹದಿನೆಂಟರಲ್ಲಿ ಒಂದು ಹಸು ನರಸಮ್ಮನದು. ಹುಟ್ಟಿದಾಗ ಮುಂಗಾಲು ಮಡಚಿಕೊಂಡಿದ್ದ ಹೆಣ್ಣುಗರು ಅದು. ಮೇಷ್ಟ್ರು ಅದರ ಆಸೆ ಬಿಟ್ಟಿದ್ದರು. ಇವಳು ಬಿದಿರಿನ ದಬ್ಬೆ ಕಟ್ಟಿ, ದಿನಾ ಎಣ್ಣೆ ನೀವಿ, ಎರಡು ತಿಂಗಳಲ್ಲಿ ನಿಲ್ಲಿಸಿದಳು. ಆಗ ಮೇಷ್ಟ್ರೇ, "ಇದು ನಿಂದೇ ಇರ್ಲಮ್ಮ, ಇಲ್ಲೇ ಕಟ್ಕೋ" ಎಂದು ಕೊಟ್ಟುಬಿಟ್ಟರು. ಅದಕ್ಕೆ ಗೌರಿ ಎಂದು ಹೆಸರಿಟ್ಟಳು. ನೀರಿನ ತೊಟ್ಟಿಯ ಪಕ್ಕದ ಮೂಲೆ ಗೌರಿಯ ಜಾಗ. ನರಸಮ್ಮ ಮನುಷ್ಯರ ಜೊತೆ ಕನ್ನಡ, ಹಸುಗಳ ಜೊತೆ ತೆಲುಗು. ಗೌರಿಯ ಹತ್ತಿರ ಮಾತ್ರ ಎರಡೂ ಮುಗಿದು ಇನ್ಯಾವುದೋ ಗುನುಗು.

ಅವತ್ತು ಸೋಮವಾರ. ಬೆಳಿಗ್ಗೆ ಎಂಟೂಕಾಲಿಗೆ ನರಸಮ್ಮನ ಫೋನು. "ಸಾರ್, ಬಿಳಿಕಿವಿ ಬಿದ್ಬಿಟ್ಟವ್ಳೆ, ಏಳ್ತಾ ಇಲ್ಲ. ಬೇಗ ಬನ್ನಿ ಸಾರ್." ಹತ್ತು ನಿಮಿಷಕ್ಕೆ ತಲುಪಿದೆ. ಮೇಷ್ಟ್ರು ಹಾಲಿನ ಕ್ಯಾನು ತಗೊಂಡು ಡೈರಿಗೆ ಹೋಗಿದ್ದರು. ಬಿಳಿಕಿವಿ ಎಂಬ ಆ ಹಸು ಕರು ಹಾಕಿ ಮೂರು ದಿನವಾಗಿತ್ತು. ನೆಲ ಹಿಡಿದಿದ್ದಳು, ಮೈ ಸಣ್ಣಗೆ ಅದುರುತ್ತಿತ್ತು, ಕಿವಿ ತಣ್ಣಗಿತ್ತು. ಹೆಚ್ಚು ಹಾಲು ಕೊಡುವ ಹಸು, ಈದು ಮೂರು ದಿನ, ಬಿದ್ದಿದೆ. ಇದು ಮಿಲ್ಕ್ ಫೀವರ್, ಅಂದರೆ ಕರು ಹಾಕಿದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಹಸು ಕುಸಿಯುವ ಕಾಯಿಲೆ. ಒಂದು ಬಾಟಲಿ ಕ್ಯಾಲ್ಸಿಯಂ ನಿಧಾನವಾಗಿ ನರಕ್ಕೆ ಬಿಟ್ಟರೆ ಎದ್ದು ನಿಲ್ಲುತ್ತದೆ. ನಾನು ಬಾಗಿಲಲ್ಲಿ ನಿಂತಾಗಲೇ ತೀರ್ಮಾನ ಮಾಡಿ ಆಗಿತ್ತು.

ಬಾಟಲಿ ಸಿಕ್ಕಿಸುತ್ತಿದ್ದಾಗ ನರಸಮ್ಮ ಹಸುವಿನ ತಲೆ ಹಿಡಿದುಕೊಂಡು ಹೇಳಿದಳು: "ಸಾರ್, ಇವತ್ತು ಹೊಸ ಸೊಪ್ಪು ಹಾಕಿದ್ದೆ. ಆಂಜಿನಪ್ಪನ ತೋಟದ್ದು."

"ಯಾವ ಸೊಪ್ಪು?"

"ಹಿಪ್ನೇರಳೆ."

"ಹುಳ ತಿನ್ನೋ ಸೊಪ್ಪಲ್ವೇನಮ್ಮ ಅದು? ಅದರಿಂದ ಏನಾಗುತ್ತೆ?"

ಅವಳು ಸುಮ್ಮನಾಗಲಿಲ್ಲ. "ಕಣ್ಣು ಒಂಥರಾ ಆಗೈತೆ ಸಾರ್. ನೋಡಿ ಒಂದ್ಸಲ. ಪಾಪೆ ಗೆರೆ ಥರ ಆಗ್ಬಿಟ್ಟೈತೆ."

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯದೆ ಹೋದರೆ ಇದನ್ನು ಬರೆಯುವುದೇ ವ್ಯರ್ಥ. "ಸೂಜಿ ಹಿಡ್ಕೊಂಡಿರೋನು ನಾನೋ ನೀನೋ?" ಎಂದೆ. ಅವಳು ಬಾಯಿ ಮುಚ್ಚಿಕೊಂಡಳು. ನಾನು ಕಣ್ಣು ನೋಡಲಿಲ್ಲ. ಮಿಲ್ಕ್ ಫೀವರ್‌ನಲ್ಲಿ ಕಣ್ಣಿನ ಪಾಪೆ ಅರಳಿರುತ್ತದೆ, ಮುಚ್ಚಿರುವುದಿಲ್ಲ. ಇದು ಕಾಲೇಜಿನ ಹುಡುಗರಿಗೂ ಗೊತ್ತಿರುವ ವಿಷಯ. ಬಗ್ಗಿ ನೋಡಲು ಬೇಕಾದದ್ದು ಎರಡು ಕ್ಷಣ. ಬಾಟಲಿ ಮುಗಿದ ಮೇಲೆ, "ಅರ್ಧ ಗಂಟೇಲಿ ಏಳ್ತಾಳೆ, ಗೋಣಿಚೀಲ ಹೊದಿಸು" ಎಂದು ಹೇಳಿ, ಕಾಲುಬಾಯಿ ಲಸಿಕೆ ಹಾಕಲು ಆರು ಕಿಲೋಮೀಟರ್ ಆಚೆಯ ಹಳ್ಳಿಗೆ ಹೊರಟೆ.

ಹತ್ತು ಇಪ್ಪತ್ತಕ್ಕೆ ಮೇಷ್ಟ್ರ ಫೋನು. ಅವರ ದನಿ ಗುರುತೇ ಸಿಗಲಿಲ್ಲ. "ಡಾಕ್ಟ್ರೇ, ಬಿಳಿಕಿವಿ ಹೋಯ್ತು. ಇನ್ನೂ ಮೂರು ಬಿದ್ದಿವೆ. ನಿಂತಿರೋವೂ ನಡುಗ್ತಾ ಇವೆ. ಏನ್ ಮಾಡ್ಲಿ ಹೇಳಿ." ಮಿಲ್ಕ್ ಫೀವರ್ ಸಾಲಾಗಿ ಬರುವುದಿಲ್ಲ. ಬೈಕು ಹತ್ತಿದ್ದು, ದಾರಿ, ಯಾವುದೂ ನೆನಪಿಲ್ಲ. ನೆನಪಿರುವುದು ಒಂದೇ ಮಾತು: ಪಾಪೆ ಗೆರೆ ಥರ ಆಗ್ಬಿಟ್ಟೈತೆ.

ಕೊಟ್ಟಿಗೆ ಹೊಕ್ಕಾಗ ನೆಲವೆಲ್ಲ ಜೊಲ್ಲು. ಹಗ್ಗದಂತೆ ಬಾಯಿಂದ ಇಳಿಯುತ್ತಿತ್ತು. ಕಣ್ಣಲ್ಲಿ ನೀರು, ಹಿಂದೆ ನೀರಿನಂಥ ಸಗಣಿ, ತೊಡೆಯ ಚರ್ಮದ ಕೆಳಗೆ ಹುಳ ಹರಿದಂತೆ ಮಾಂಸ ಕುಣಿಯುತ್ತಿತ್ತು. ಹತ್ತಿರದ ಹಸುವಿನ ಕಣ್ಣು ಬಿಡಿಸಿ ನೋಡಿದೆ. ಪಾಪೆ ಪೆನ್ಸಿಲಿನಲ್ಲಿ ಎಳೆದ ಗೆರೆಯಷ್ಟಿತ್ತು. ಬಾಯಿಯ ಹತ್ತಿರ ಮೂಗು ತಂದರೆ ಕೆಟ್ಟ ಬೆಳ್ಳುಳ್ಳಿಯಂಥ ವಾಸನೆ. ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆರ್ಗನೋಫಾಸ್ಫೇಟ್, ಕೀಟನಾಶಕದ ವಿಷ. ನರಗಳ ಬ್ರೇಕನ್ನೇ ಕಿತ್ತುಹಾಕುವ ವಿಷ ಅದು. ಮೈಯೊಳಗಿನ ನೀರೆಲ್ಲ ಹೊರಗೆ ಹರಿಯುತ್ತದೆ, ಶ್ವಾಸಕೋಶದಲ್ಲೂ ತುಂಬುತ್ತದೆ, ಕೊನೆಗೆ ಹಸು ಒಣ ನೆಲದ ಮೇಲೆ ಮಲಗಿ ಮುಳುಗಿ ಸಾಯುತ್ತದೆ.

ಆಂಜಿನಪ್ಪನಿಗೆ ಫೋನು ಹಾಕಿದೆ. ಪಕ್ಕದ ರೇಷ್ಮೆ ತೋಟದವನು ಅವನು, ಆ ಹೊತ್ತಿಗೆ ಮನೆಯಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದ. "ಸೊಪ್ಪಿಗೆ ಏನಾದ್ರೂ ಹೊಡೆದಿದ್ದೀಯೇನಪ್ಪ?" ಎಂದೆ.

"ಹೂಂ ಸಾರ್, ನಿನ್ನೆ ಸಂಜೆ. ಎಲೆ ಸುರುಳಿ ಹುಳ ಜಾಸ್ತಿ ಆಗಿತ್ತು. ನಮ್ಮ ಹುಳ ಎಲ್ಲ ಚಂದ್ರಿಕೆ ಹತ್ತಿದ್ವಲ್ಲ, ಇನ್ಯಾರು ತಿಂತಾರೆ, ಕಡ್ಡಿ ಕತ್ತರಿಸೋಕೆ ಮುಂಚೆ ಹೊಡೆದ್ರೆ ಹೊಸ ಚಿಗುರು ಚೆನ್ನಾಗಿ ಬರ್ತದೆ ಅಂತ..." ಅಲ್ಲಿಗೆ ಅವನ ಮಾತು ನಿಂತಿತು. ಆಮೇಲೆ, "ಅಯ್ಯೋ ದೇವ್ರೇ, ಹಸು ಗ್ಯಾನಕ್ಕೇ ಬರ್ಲಿಲ್ಲ ಸಾರ್" ಎಂದ. ಅವನ ತಪ್ಪು ಅಷ್ಟೇ. ಹುಳ ತಿನ್ನುವ ತನಕ ತಾಯಿಯಂತೆ ಕಾದಿದ್ದ ಸೊಪ್ಪನ್ನು, ಹುಳದ ಹೊಟ್ಟೆ ತುಂಬಿದ ದಿನ ಮರೆತ. ನರಸಮ್ಮ ಎಂದಿನಂತೆ ಬೆಳಿಗ್ಗೆ ಹೋಗಿ ಕೊಯ್ದು ತಂದಳು. ಅವಳೂ ಕೇಳಲಿಲ್ಲ, ಯಾಕೆಂದರೆ ಕೇಳಿದವರೇ ಇಲ್ಲ.

ಇದಕ್ಕೆ ಮದ್ದು ಅಟ್ರೋಪಿನ್. ಅದು ಮನುಷ್ಯರಿಗೂ ಕೊಡುವ ಮದ್ದು, ಮನುಷ್ಯರ ಅಳತೆಯಲ್ಲೇ ಬರುತ್ತದೆ. ಕಿರುಬೆರಳಿನಷ್ಟು ಗಾಜಿನ ಆಂಪ್ಯೂಲ್, ಒಂದರಲ್ಲಿ ಒಂದು ಮಿಲಿಲೀಟರ್, ಅದರಲ್ಲಿ 0.6 ಮಿಲಿಗ್ರಾಂ ಮದ್ದು. ನಾನೂರು ಕಿಲೋ ತೂಗುವ ಹಸುವಿಗೆ ಪುಸ್ತಕದ ಪ್ರಕಾರ ನೂರು ಮಿಲಿಗ್ರಾಂ ಬೇಕು. ಅಂದರೆ ಒಂದು ಹಸುವಿಗೆ ನೂರ ಅರವತ್ತಕ್ಕೂ ಹೆಚ್ಚು ಆಂಪ್ಯೂಲ್. ನನ್ನ ಆಸ್ಪತ್ರೆಯ ಕಪಾಟಿನಿಂದ ತರಿಸಿದ್ದು, ನನ್ನ ಪೆಟ್ಟಿಗೆಯಲ್ಲಿದ್ದದ್ದು, ಎಲ್ಲ ಸೇರಿ ಅರವತ್ತು. ಮುಂದೆ ಹದಿಮೂರು ಹಸು.

ಚಿಕ್ಕಬಳ್ಳಾಪುರದ, ಚಿಂತಾಮಣಿಯ ಸಹೋದ್ಯೋಗಿಗಳಿಗೆ ಫೋನು ಮಾಡಿದೆ. ಇದ್ದಷ್ಟನ್ನು ಕಳಿಸುತ್ತೇವೆ ಎಂದರು. ಆಂಜಿನಪ್ಪ ಅಷ್ಟರಲ್ಲಿ ಲುಂಗಿಯಲ್ಲೇ ಓಡಿಬಂದಿದ್ದ. ಅವನನ್ನು ಬೈಕಿನಲ್ಲಿ ಶಿಡ್ಲಘಟ್ಟದ ಮೆಡಿಕಲ್ ಶಾಪುಗಳಿಗೂ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೂ ಅಟ್ಟಿದೆ. ಮೇಷ್ಟ್ರು ನೂಲು ಬಿಚ್ಚುವ ಘಟಕವೊಂದರ ಒಲೆಯಿಂದ ಇದ್ದಿಲು ತರಿಸಿ ಕುಟ್ಟಿಸಿದರು. ಹೊಟ್ಟೆಯಲ್ಲಿ ಉಳಿದ ವಿಷವನ್ನು ಇದ್ದಿಲ ಪುಡಿ ಸ್ವಲ್ಪವಾದರೂ ಹೀರುತ್ತದೆ. ಅಂಗಡಿಯ ಇದ್ದಿಲಿನಷ್ಟು ಒಳ್ಳೆಯದಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ವಾಸಿ.

ಈ ಗಡಿಬಿಡಿಯಲ್ಲೇ ಮೇಷ್ಟ್ರು ನರಸಮ್ಮನ ಮೇಲೆ ಹರಿಹಾಯ್ದರು. "ಹೊಸ ಸೊಪ್ಪು ಹಾಕಿದ್ದೀನಿ ಅಂತ ಬೆಳಿಗ್ಗೇನೇ ಡಾಕ್ಟ್ರಿಗೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ಎರಡು ಗಂಟೆ! ಎರಡು ಗಂಟೆ ಸುಮ್ನೆ ಹೋಯ್ತಲ್ಲ!"

ನರಸಮ್ಮ ನನ್ನ ಕಡೆ ನೋಡಿದಳು. ದೂರುವ ನೋಟವಲ್ಲ. ಈಗ ನೀವು ಹೇಳ್ತೀರಲ್ಲ ಎಂಬ ಹಾಗೆ ನೋಡಿದಳು. ನಾನು ಸಿರಿಂಜಿಗೆ ಸೂಜಿ ಹಾಕುತ್ತ ತಲೆ ತಗ್ಗಿಸಿದೆ. ಮದ್ದು ಮೊದಲು, ಮಾತು ಆಮೇಲೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. "ಅವಳು ಹೇಳಿದ್ದಳು" ಎನ್ನಲು ಒಂದು ಉಸಿರು ಸಾಕಾಗಿತ್ತು. ನನಗೆ ಹೆದರಿಕೆಯಾಯಿತು, ಅಷ್ಟೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹಸುವಿನ ತಲೆ ಹಿಡಿಯಲು ಬಂದಳು.

ಅರವತ್ತು ಆಂಪ್ಯೂಲನ್ನು ಹದಿಮೂರಕ್ಕೆ ಹಂಚಿದರೆ ಯಾವುದಕ್ಕೂ ಸಾಲುವುದಿಲ್ಲ. ತೀರಾ ಕಡಿಮೆ ತಿಂದವು ಮದ್ದಿಲ್ಲದೆಯೂ ಬದುಕಬಹುದು. ತೀರಾ ಹೆಚ್ಚು ತಿಂದವಕ್ಕೆ ಇರುವ ಮದ್ದನ್ನೆಲ್ಲ ಸುರಿದರೂ ಸಾಲುವುದಿಲ್ಲ. ನಡುವಿನವಕ್ಕೆ ಮಾತ್ರ, ಪುಸ್ತಕದ ಅಳತೆಗಿಂತ ಕಡಿಮೆ ಕೊಟ್ಟರೂ ಮದ್ದು ಕೆಲಸಕ್ಕೆ ಬರುತ್ತದೆ. ಆದರೆ ನಡುವಿನವು ಯಾವುವು? ನಡುಗುವುದನ್ನು ನೋಡಿ ಹೇಳಲಾಗುವುದಿಲ್ಲ, ಒಂದೊಂದರ ಹೊಟ್ಟೆ ಒಂದೊಂದು ವೇಗ. ಅದನ್ನು ಹೇಳಬಲ್ಲವಳು ಒಬ್ಬಳೇ.

"ಯಾವ್ಯಾವುದಕ್ಕೆ ಎಷ್ಟೆಷ್ಟು ಹಾಕ್ದೆ? ಸರಿಯಾಗಿ ಹೇಳು. ಇದರ ಮೇಲೇ ಮದ್ದು ಹಾಕೋದು" ಎಂದೆ. ಯಾವುದಕ್ಕೆ ಕೊಡುತ್ತೇನೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನೂ ಬಿಡಿಸಿ ಹೇಳಿದೆ.

ನರಸಮ್ಮ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಬೆರಳು ತೋರಿಸುತ್ತ ಸಾಲಾಗಿ ಹೇಳುತ್ತ ಹೋದಳು. ತೊಟ್ಟಿ ಕಡೆಯಿಂದ ಎರಡು, ಮೂರು, ನಾಲ್ಕನೆಯವು ದೊಡ್ಡವು, ಎರಡೆರಡು ತೆಕ್ಕೆ. ಆಮೇಲಿನ ಐದಕ್ಕೆ ಒಂದೊಂದು ತೆಕ್ಕೆ, ಅದರಲ್ಲಿ ರಾಣಿ ಎಂಬ ಹಸು ಪಕ್ಕದ್ದರ ಸೊಪ್ಪಿಗೂ ಬಾಯಿ ಹಾಕಿದ್ದಳು. ಬಿಳಿಕಿವಿಗೆ ಬಾಣಂತಿ ಅಂತ ಎರಡು. ಆಚೆಯ ನಾಲ್ಕಕ್ಕೆ ಅರ್ಧರ್ಧ ಸಿಕ್ಕಿತ್ತು. ಕೊನೆಯ ನಾಲ್ಕಕ್ಕೆ ಸೊಪ್ಪು ಹಂಚಲಿಲ್ಲ, ಬರೀ ರಾಗಿ ಹುಲ್ಲು. ಎಲ್ಲ ಹೇಳಿ ಮುಗಿಸಿದಳು. ಒಂದು ಹಸು ಉಳಿಯಿತು. ಅದನ್ನು ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ಗೌರಿಗೆ ಮೂರು. ಮೊದ್ಲು ಒಂದು ಹಾಕ್ದೆ. ಎರಡು ಎತ್ತಿಟ್ಟಿದ್ದೆ. ಆಮೇಲೆ ಹಾಕ್ದೆ."

ಆ "ಆಮೇಲೆ" ಎಂದರೆ ಯಾವಾಗ ಎಂದು ಮೇಷ್ಟ್ರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಬಿಳಿಕಿವಿ ಬಿದ್ದಾಗ ಇವಳಿಗೆ ಸೊಪ್ಪಿನ ಮೇಲೆ ಅನುಮಾನ ಬಂದಿದೆ, ಮಿಕ್ಕ ಎರಡು ತೆಕ್ಕೆಯನ್ನು ಎತ್ತಿಟ್ಟಿದ್ದಾಳೆ. ನಾನು ಬಂದು, ಹುಳ ತಿನ್ನೋ ಸೊಪ್ಪಿನಿಂದ ಏನಾಗುತ್ತೆ ಎಂದು ಗದರಿಸಿ ಹೋದ ಮೇಲೆ, ವಾರದಿಂದ ಜ್ವರ ಬಂದು ಸೊರಗಿದ್ದ ತನ್ನ ಹಸುವಿಗೆ ಅದನ್ನು ತಿನ್ನಿಸಿದ್ದಾಳೆ. ಒಂದು ತೆಕ್ಕೆ ಎಂದು ಹೇಳಿದ್ದರೆ ಗೌರಿ ನಡುವಿನ ಸಾಲಿಗೆ ಬರುತ್ತಿತ್ತು, ಮದ್ದು ಸಿಗುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಮೂರು ಎಂದಳು.

ಆಂಪ್ಯೂಲಿನ ಕತ್ತು ಮುರಿದು, ಒಂದೊಂದೇ ಮಿಲಿಲೀಟರ್ ಎಳೆದು, ಐವತ್ತರ ಸಿರಿಂಜು ತುಂಬಬೇಕು. ಮೇಷ್ಟ್ರು, ನಾನು, ಇಬ್ಬರೂ ಕೂತು ಮುರಿದೆವು. ಹತ್ತು ಮುರಿಯುವಷ್ಟರಲ್ಲಿ ಬೆರಳು ಕೊಯ್ದು ರಕ್ತ. ಮೇಷ್ಟ್ರು ಬಟ್ಟೆ ಸುತ್ತಿಕೊಂಡು ಮುರಿಯುತ್ತಲೇ ಇದ್ದರು. ಮೊದಲ ಅರವತ್ತು ನಡುವಿನ ಐದರಲ್ಲಿ ಹೆಚ್ಚು ಕೆಟ್ಟಿದ್ದ ಎರಡಕ್ಕೆ ಹೋಯಿತು. ಹನ್ನೆರಡರ ಹೊತ್ತಿಗೆ ಅವುಗಳ ಜೊಲ್ಲು ಕಡಿಮೆಯಾಯಿತು. ಆ ಹೊತ್ತಿಗೆ ತೊಟ್ಟಿ ಕಡೆಯ ದೊಡ್ಡದೊಂದು ಸತ್ತಿತ್ತು. ಹನ್ನೆರಡೂಕಾಲಿಗೆ ಆಂಜಿನಪ್ಪ ನೂರ ನಲವತ್ತು ಆಂಪ್ಯೂಲ್ ತಂದ. ಐದಾರು ಅಂಗಡಿ ತಿರುಗಿದ್ದ. ಕೊಟ್ಟು, ಅಲ್ಲೇ ಗೋಡೆಗೆ ಒರಗಿ ಕೂತು ತಲೆ ಚಚ್ಚಿಕೊಳ್ಳತೊಡಗಿದ. ಅಳುವುದಕ್ಕೆ ಹೊತ್ತಿಲ್ಲ, ಬಂದು ಗಾಜು ಮುರಿ ಎಂದು ಬೈದು ಎಬ್ಬಿಸಿದೆ. ಅವು ನಡುವಿನ ಮಿಕ್ಕ ಮೂರಕ್ಕೆ ಹೋದವು.

ನರಸಮ್ಮ ಇಷ್ಟೂ ಹೊತ್ತು ಮೂಗುದಾರ ಹಿಡಿದು ಒಂದರಿಂದ ಒಂದಕ್ಕೆ ಹೋಗುತ್ತಿದ್ದಳು. ನಾನು ಸೂಜಿ ಹಾಕುವ ಕಡೆ ಅವಳು ತಲೆ ಹಿಡಿದಿರಲೇಬೇಕು. ನಡುಗುವ ಹಸು ಬೇರೆಯವರ ಕೈಗೆ ಬಗ್ಗುತ್ತಿರಲಿಲ್ಲ. "ಲೇಮ್ಮಾ, ಲೇ ತಲ್ಲಿ" ಎಂದು ಏಳಿಸುತ್ತಿದ್ದಳು, ಬೆನ್ನಿಗೆ ಹುಲ್ಲಿನ ಉಂಡೆ ಹಾಕಿ ಉಜ್ಜುತ್ತಿದ್ದಳು. ಅಟ್ರೋಪಿನ್ನಿಗೆ ಒಂದು ತೊಂದರೆ ಇದೆ, ಹೊಟ್ಟೆಯ ಚಲನೆಯನ್ನೇ ನಿಲ್ಲಿಸಿಬಿಡುತ್ತದೆ. ಒಂದು ಗಂಟೆಗೆ ರಾಣಿಯ ಎಡಪಕ್ಕೆ ತಮಟೆಯಂತೆ ಉಬ್ಬಿತು. ನಾನು ಇನ್ನೊಂದಕ್ಕೆ ನರ ಹುಡುಕುತ್ತಿದ್ದೆ, ನೋಡಿರಲಿಲ್ಲ. ನರಸಮ್ಮ ಕೂಗಿ ಹೇಳುವ ಮೊದಲೇ ಪೊರಕೆಯ ಹಿಡಿಯಷ್ಟು ದಪ್ಪದ ಕೋಲನ್ನು ಅದರ ಬಾಯಿಗೆ ಅಡ್ಡ ಕಟ್ಟಿದ್ದಳು. ಹಸು ಅದನ್ನು ಕಡಿಯುತ್ತ ಇದ್ದರೆ ಗಾಳಿ ಹೊರಬರುತ್ತದೆ. ಮುಷ್ಟಿಯಿಂದ ಪಕ್ಕೆ ಒತ್ತುತ್ತ ನಿಂತಳು. ಹತ್ತು ನಿಮಿಷಕ್ಕೆ ಗಾಳಿ ಹೊರಡತೊಡಗಿತು. ರಾಣಿ ಉಳಿದದ್ದು ಅವಳ ಕೈಯಿಂದ, ನನ್ನ ಮದ್ದಿನಿಂದ ಅರ್ಧವೇ.

ರಾಣಿ ನಿಂತ ಜಾಗದಿಂದ ತೊಟ್ಟಿಯ ಮೂಲೆಗೆ ಹದಿನೈದು ಹೆಜ್ಜೆ. ಗೌರಿ ಅಲ್ಲಿ ಮಲಗಿದ್ದಳು. ಒಂದೂಕಾಲರ ಹೊತ್ತಿಗೆ ಉಸಿರು ಗೊರಗೊರ ಎನ್ನತೊಡಗಿತು. ಇಡೀ ಕೊಟ್ಟಿಗೆಗೆ ಕೇಳುತ್ತಿತ್ತು. ನರಸಮ್ಮನಿಗೂ ಕೇಳಿತು, ಅವಳ ಕೈ ರಾಣಿಯ ಪಕ್ಕೆಯ ಮೇಲೆ ನಿಂತುಬಿಟ್ಟಿತು. ಮತ್ತೆ ಒತ್ತತೊಡಗಿದಳು. ಆ ಕಡೆ ತಿರುಗಲಿಲ್ಲ. ಒಂದೂವರೆಗೆ ಆ ಸದ್ದು ನಿಂತಿತು. ಎಂಥ ಗಟ್ಟಿ ಹೆಂಗಸು ಎಂದುಕೊಂಡೆ ನಾನು. ಕೆಲಸದಲ್ಲಿ ಹೀಗಿರಬೇಕು ಎಂದುಕೊಂಡೆ. ಅಷ್ಟು ಮಂಕು ಕವಿದಿತ್ತು ನನಗೆ.

ಎರಡಕ್ಕೆ ಹದಿನೈದು ನಿಮಿಷ ಇದ್ದಾಗ ಚಿಂತಾಮಣಿಯ ಬಸ್ಸಿನ ಡ್ರೈವರ್ ರಸ್ತೆಯಲ್ಲಿ ಹಾರನ್ ಹೊಡೆದು ಒಂದು ಪೊಟ್ಟಣ ಇಳಿಸಿಹೋದ. ಅಲ್ಲಿನ ಸಹೋದ್ಯೋಗಿ ಕಳಿಸಿದ ಇನ್ನೂರು ಆಂಪ್ಯೂಲ್. ಹದಿನೈದು ನಿಮಿಷ ಮೊದಲು ಬಂದಿದ್ದರೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಉಳಿದಿದ್ದ ಎರಡು ದೊಡ್ಡ ಹಸುಗಳಿಗೆ ಪ್ರಯತ್ನಿಸಿದೆ. ಒಂದು ಉಳಿಯಿತು, ಒಂದು ಹೋಯಿತು. ಒಟ್ಟು ನಾಲ್ಕು ಹಸು ಸತ್ತವು, ಹತ್ತು ಉಳಿದವು. ಇಷ್ಟು ಉಳಿಸಿದ್ದು ಪವಾಡ ಎಂದು ಆಮೇಲೆ ಹಲವರು ಹೊಗಳಿದರು. ಆ ಹೊಗಳಿಕೆಯನ್ನು ನಾನು ಬೇಡ ಎನ್ನಲಿಲ್ಲ.

ಸಂಜೆ ಸತ್ತವುಗಳ ಪೋಸ್ಟ್‌ಮಾರ್ಟಂ ಮುಗಿಸಿ, ಲ್ಯಾಬಿಗೆ ಸ್ಯಾಂಪಲ್ ಕಟ್ಟಿ ಕೈ ತೊಳೆಯುತ್ತಿದ್ದಾಗ ನರಸಮ್ಮ ಹಾಲು ಕರೆಯುತ್ತಿದ್ದಳು. ವಿಷ ತಿಂದ ಹಸುವಿನ ಹಾಲನ್ನು ಯಾರೂ ಕುಡಿಯುವಂತಿಲ್ಲ, ಕರುವಿಗೂ ಕೊಡುವಂತಿಲ್ಲ. ಹಾಗೆಂದು ಕರೆಯದೆ ಬಿಟ್ಟರೆ ಕೆಚ್ಚಲು ಬಾತುಕೊಳ್ಳುತ್ತದೆ. ಒಂದೊಂದರದ್ದೂ ಎಂದಿನಂತೆ ಒರೆಸಿ, ಕಪ್ಪು ತಟ್ಟೆಗೆ ಎರಡು ಧಾರೆ ಬಿಟ್ಟು ನೋಡಿ, ಕರೆದು, ಬಕೆಟ್ಟನ್ನು ತಿಪ್ಪೆಗುಂಡಿಗೆ ಸುರಿದು ಬರುತ್ತಿದ್ದಳು. ಚೆಲ್ಲುವ ಹಾಲಿಗೆ ತಟ್ಟೆ ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ನಾನು ಬರೆದ ವರದಿಯಲ್ಲಿ ಒಂದೂ ಸುಳ್ಳಿಲ್ಲ. ಕೀಟನಾಶಕ ಸಿಂಪಡಿಸಿದ ಸೊಪ್ಪು ಸೇವನೆ, ಆರ್ಗನೋಫಾಸ್ಫೇಟ್ ವಿಷಬಾಧೆ, ಕೊಟ್ಟ ಚಿಕಿತ್ಸೆ, ಎಲ್ಲ ಇದೆ. ಬೆಳಿಗ್ಗೆ ಎಂಟೂವರೆಗೆ ಕೊಟ್ಟ ಕ್ಯಾಲ್ಸಿಯಂ ಕೂಡ ಇದೆ. ಎಂಟೂವರೆಗೆ ಒಬ್ಬಳು ಏನು ಹೇಳಿದಳು ಎಂಬುದಕ್ಕೆ ಆ ನಮೂನೆಯಲ್ಲಿ ಅಂಕಣವಿಲ್ಲ.

ಒಂದು ವಾರದ ಮೇಲೆ ಹಸುಗಳನ್ನು ನೋಡಲು ಹೋದೆ. ಕೊಟ್ಟಿಗೆಯಲ್ಲಿ ಬೇರೆ ಯಾರೋ ಇದ್ದರು. ರಾಣಿಯ ಕಾಲಿನ ತುಂಬ ಒಣಗಿದ ಸಗಣಿ. "ನರಸಮ್ಮ ಎಲ್ಲಿ?" ಎಂದೆ. ಮೇಷ್ಟ್ರು ಬೇರೆ ಕಡೆ ನೋಡುತ್ತ, "ಬೇಡ ಅಂತ ಹೇಳ್ಬಿಟ್ಟೆ ಡಾಕ್ಟ್ರೇ. ಒಂದು ಮಾತು ಹೇಳಿದ್ರೆ ನಾಲ್ಕು ಜೀವ ಉಳೀತಿದ್ವು. ನಂಬಿಕೆ ಹೋಯ್ತು" ಎಂದರು.

ಅಲ್ಲೇ ನಿಂತು ಎಲ್ಲ ಹೇಳಿದೆ. ಅವಳು ಸೊಪ್ಪಿನ ವಿಷಯ ಹೇಳಿದ್ದು, ಕಣ್ಣು ನೋಡಿ ಎಂದದ್ದು, ನಾನು ಅವಳ ಬಾಯಿ ಮುಚ್ಚಿಸಿದ್ದು, ಗೌರಿಯ ಎರಡು ತೆಕ್ಕೆ. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವಳು ಯಾಕೆ ನಂಗೆ ಹೇಳಲಿಲ್ಲ?" ಎಂದರು. ಆಮೇಲೆ ತಾವೇ, "ನಾನು ಕೇಳೋ ಥರ ಕೇಳಿದ್ನೇನು" ಎಂದು, ಚಪ್ಪಲಿ ಮೆಟ್ಟಿ, "ನಡೀರಿ ಹೋಗಣ" ಎಂದರು.

ನರಸಮ್ಮ ಶಿಡ್ಲಘಟ್ಟದ ಒಂದು ನೂಲು ಬಿಚ್ಚುವ ಘಟಕಕ್ಕೆ ಸೇರಿದ್ದಳು. ಹೊರಗೆ ಕರೆಸಿದೆವು. ಕುದಿನೀರಲ್ಲಿ ಗೂಡು ತೆಗೆದೂ ತೆಗೆದೂ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ಮೇಷ್ಟ್ರು ಅವಳಿಗೆ ಕೈಮುಗಿದುಬಿಟ್ಟರು. "ನಂದು ತಪ್ಪಾಯ್ತಮ್ಮ. ಬಾ, ಕೊಟ್ಟಿಗೆ ನಿಂದೇ" ಎಂದರು. ಅವಳು ಗಾಬರಿಯಾಗಿ ಅವರ ಕೈ ಇಳಿಸಿದಳು. ನಾನು, "ಅವತ್ತೇ ನಾನು ಬಾಯಿ ಬಿಡಬೇಕಾಗಿತ್ತು ನರಸಮ್ಮ" ಎಂದೆ.

ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದಳು: "ನೀವು ಹೇಳಿದ್ರೂ ಗೌರಿ ಉಳೀತಿರ್ಲಿಲ್ಲ ಬಿಡಿ ಸಾರ್. ಅದು ನಂಗೂ ಗೊತ್ತು. ಆದ್ರೆ ನಾನು ಹೋಗಿ ಅವಳ ತಲೆ ತೊಡೆ ಮೇಲೆ ಇಟ್ಕೋತಿದ್ದೆ. ತಪ್ಪು ಮಾಡಿದೋಳು ಕೆಲ್ಸ ಬಿಟ್ಟು ತನ್ ಹಸು ಹತ್ರ ಕೂತವಳೆ ಅಂತಾರೆ ಅಂತ ಹೋಗ್ಲಿಲ್ಲ."

ಅವಳು ವಾಪಸ್ ಬರಲಿಲ್ಲ. ಆ ಮೂಲೆ ನೋಡೋಕಾಗಲ್ಲ ಎಂದಳು, ಮೇಷ್ಟ್ರು ಒತ್ತಾಯ ಮಾಡಲಿಲ್ಲ. ನಾನು ಉಳಿದ ಎರಡು ವರ್ಷ ಕೆಲಸ ಮಾಡಿದೆ. ಪಾಠ ಎಂದು ಹೇಳುವುದಾದರೆ ದೊಡ್ಡದೇನಲ್ಲ: ಯಾವ ಕೊಟ್ಟಿಗೆಗೆ ಹೋದರೂ ಪೆಟ್ಟಿಗೆ ತೆರೆಯುವ ಮುಂಚೆ ಮೇವು ಹಾಕಿದವರನ್ನು ಕರೆಸಿ, ಕೂರಿಸಿ, ಅವರು ಹೇಳಿದ್ದನ್ನು ಅವರ ಹೆಸರಿನ ಸಮೇತ ಕೇಸ್ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆ. ಆಮೇಲೆ ಬಗ್ಗಿ ಹಸುವಿನ ಕಣ್ಣು ನೋಡುತ್ತಿದ್ದೆ. ಎರಡು ಕ್ಷಣ ಸಾಕು. ನೋಡಿದಾಗಲೆಲ್ಲ, ನರಸಮ್ಮ ತಿರುಗಿ ನೋಡದೆ ನಿಂತಿದ್ದ ಆ ಹದಿನೈದು ಹೆಜ್ಜೆ ನೆನಪಾಗುತ್ತಿತ್ತು.